ಬ್ಯಾಂಕಾಕಿನಲ್ಲಿ ಹರಳು ಕೊಳ್ಳಬೇಡಿ, ನಮ್ಮ ಅಣ್ಣ-ವೈನಿಗೆ ಆದದ್ದು ನಿಮಗಾಗಬಾರದು

2023ರ ನವೆಂಬರಿನಲ್ಲಿ ಥಾಯ್ಲೆಂಡ್ ನಮ್ಮ ದೇಶದವರಿಗೆ ವೀಸಾ ಇಲ್ಲದೆ ಬರಲು ಬಿಟ್ಟಿತು. ಅದಾದ ಮೇಲೆ ನಮ್ಮ ಹುಬ್ಬಳ್ಳಿಯ ಓಣಿಯಲ್ಲೇ ಬ್ಯಾಂಕಾಕಿಗೆ ಹೋಗಿ ಬಂದವರು, ಹೊರಟವರು ಸುಮಾರು ಜನ ಇದ್ದಾರೆ. ಅವರಿಗಾಗಿ, ಮತ್ತೆ ಧಾರವಾಡ, ಗದಗ, ಹಾವೇರಿ ಕಡೆಯಿಂದ ಹೊರಟಿರುವ ಎಲ್ಲರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಊರು ಚೆನ್ನಾಗಿದೆ, ಹೋಗಿ ಬನ್ನಿ. ಆದರೆ ಅಲ್ಲಿ ಯಾರೋ ಕರೆದುಕೊಂಡು ಹೋದ ಅಂಗಡಿಯಲ್ಲಿ ಮಾಣಿಕ್ಯ, ನೀಲ, ಪಚ್ಚೆ ಅಂತ ಏನನ್ನೂ ಕೊಳ್ಳಬೇಡಿ. ನಮ್ಮ ಅಣ್ಣ-ವೈನಿ ಇದರಲ್ಲಿ 38,000 ಬಾತ್ ಕಳೆದುಕೊಂಡರು. ನಮ್ಮ ದುಡ್ಡಿನಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ರೂಪಾಯಿ.

ಅಣ್ಣನ ಬಗ್ಗೆ ಒಂದು ಮಾತು ಮೊದಲೇ ಹೇಳಬೇಕು. ಅವನು ಅಮರಗೋಳದ ಎಪಿಎಂಸಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವವನು. ಚೀಲಕ್ಕೆ ಕೈ ಹಾಕಿ ನಾಲ್ಕು ಕಾಯಿ ಹೊರಗೆ ತೆಗೆದರೆ ಸಾಕು, ಇದು ಯಾವ ಕಡೆಯ ಮಾಲು, ಎಷ್ಟು ತೇವ ಇದೆ ಅಂತ ಹೇಳುತ್ತಾನೆ. ಅಂಥವನನ್ನು ಸುಮ್ನೆ ಮಾತಿನಲ್ಲಿ ಮರುಳು ಮಾಡುವುದು ಸುಲಭವಲ್ಲ. ಅದಕ್ಕೇ ಈ ಮೋಸ ಹೇಗೆ ನಡೆಯುತ್ತದೆ ಅಂತ ಬಿಡಿಸಿ ಹೇಳುತ್ತಿದ್ದೇನೆ. ಅಂಗಡಿಯೊಳಗೆ ಎಷ್ಟು ಹುಷಾರಾಗಿದ್ದರೂ ಉಪಯೋಗವಿಲ್ಲ, ಯಾಕೆಂದರೆ ಇದು ಅಂಗಡಿಯಲ್ಲಿ ಶುರುವಾಗುವುದೇ ಇಲ್ಲ.

ಶುರುವಾಗುವುದು ಗ್ರ್ಯಾಂಡ್ ಪ್ಯಾಲೇಸ್ ಎಂಬ ಅರಮನೆಯ ಹೊರಗೆ, ರಸ್ತೆಯ ಮೇಲೆ. ಆ ದಿನ ಬೆಳಿಗ್ಗೆ ಅರಮನೆ ನೋಡಿ, ಮಧ್ಯಾಹ್ನದ ಮೇಲೆ ಪ್ರತೂನಾಮ್ ಕಡೆ ಬಟ್ಟೆ ಖರೀದಿಗೆ ಹೋಗುವುದು ಅಂತ ಲೆಕ್ಕ ಹಾಕಿದ್ದೆವು. ನಾನು, ನಮ್ಮ ಮನೆಯವರು, ಅಣ್ಣ, ವೈನಿ. ಉದ್ದನೆಯ ಬಿಳಿ ಗೋಡೆಯ ಪಕ್ಕ ನಡೆಯುತ್ತಿದ್ದಾಗ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬ ಎದುರಾದ. ಕೊರಳಲ್ಲಿ ಗುರುತಿನ ಚೀಟಿ ನೇತಾಡುತ್ತಿತ್ತು. ಕೈ ಮುಗಿದು "ಇಂಡಿಯಾ? ನಮಸ್ತೆ" ಅಂದ. ಇವತ್ತು ಬೌದ್ಧರ ಹಬ್ಬ, ಒಳಗೆ ಪೂಜೆ ನಡೆದಿದೆ, ಮಧ್ಯಾಹ್ನ ಒಂದರವರೆಗೆ ಹೊರಗಿನವರನ್ನು ಬಿಡುವುದಿಲ್ಲ, ಅಷ್ಟರೊಳಗೆ ಒಂದೆರಡು ಒಳ್ಳೆಯ ದೇವಸ್ಥಾನ ನೋಡಿ ಬನ್ನಿ ಅಂದ. ನಮ್ಮ ನಕಾಶೆ ತೆಗೆದುಕೊಂಡು ತನ್ನ ಪೆನ್ನಿನಿಂದ ಗುರುತು ಮಾಡಿಕೊಟ್ಟ. ಟುಕ್-ಟುಕ್ ಕರೆದು ದರವನ್ನೂ ತಾನೇ ಮಾತಾಡಿದ: ಎಲ್ಲಾ ಸುತ್ತಿಸಿ ವಾಪಸ್ ತಂದು ಬಿಡಲು ಬರೀ 20 ಬಾತ್. ತನಗಾಗಿ ಒಂದು ಪೈಸೆ ಕೇಳಲಿಲ್ಲ.

ಇಲ್ಲಿ ನಿಮಗೆ ಗೊತ್ತಿರಬೇಕಾದ ಎರಡು ಸಂಗತಿ ಇವೆ. ಗ್ರ್ಯಾಂಡ್ ಪ್ಯಾಲೇಸ್ ದಿನಾಲೂ ಬೆಳಿಗ್ಗೆ ಎಂಟೂವರೆಗೆ ತೆರೆಯುತ್ತದೆ, ಮಧ್ಯಾಹ್ನ ಮೂರೂವರೆಯವರೆಗೆ ಟಿಕೆಟ್ ಕೊಡುತ್ತಾರೆ. ರಾಜಮನೆತನದ ಕಾರ್ಯಕ್ರಮ ಇದ್ದಾಗ ಮಾತ್ರ ಅಪರೂಪಕ್ಕೆ ಮುಚ್ಚುತ್ತಾರೆ. ಅದನ್ನು ಹೇಳಬೇಕಾದವರು ಬಾಗಿಲಲ್ಲಿರುವ ಸಿಬ್ಬಂದಿ, ರಸ್ತೆಯಲ್ಲಿ ಸಿಕ್ಕವರಲ್ಲ. ಎರಡನೆಯದು, ಆ ಊರಲ್ಲಿ ಮೀಟರ್ ಟ್ಯಾಕ್ಸಿಯೇ ಶುರುವಾಗುವುದು 35 ಬಾತಿನಿಂದ. ಮೂರು ಕಡೆ ಸುತ್ತಿಸಿ, ಕಾದು ನಿಂತು, 20 ಬಾತ್ ಸಾಕು ಅಂದರೆ ಉಳಿದ ದುಡ್ಡು ಅವನಿಗೆ ಬೇರೆ ಎಲ್ಲಿಂದಲೋ ಬರುತ್ತದೆ.

ಮೊದಲು ಕರೆದೊಯ್ದದ್ದು ಒಂದು ಸಣ್ಣ ಗುಡಿಗೆ. ಹೆಚ್ಚು ಜನ ಇರಲಿಲ್ಲ. ಒಳಗೆ ಒಬ್ಬ ಹಿರಿಯರು ಕಣ್ಣು ಮುಚ್ಚಿ ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ತಾವಾಗಿಯೇ ಮಾತಿಗೆ ಬಂದರು. ಸರ್ಕಾರಿ ಕೆಲಸದಲ್ಲಿದ್ದೇನೆ ಅಂದರು. ಮಕ್ಕಳೆಷ್ಟು ಅಂತ ಕೇಳಿದರು. ವೈನಿ, ಮಗಳ ಲಗ್ನ ಗೊತ್ತಾಗಿದೆ ಅಂದರು. ಆ ಮನುಷ್ಯನ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ. ತಮ್ಮ ಮಗಳ ಲಗ್ನಕ್ಕೂ ಇತ್ತೀಚೆಗಷ್ಟೇ ಹರಳು ಕೊಂಡೆವು, ವರ್ಷಕ್ಕೊಮ್ಮೆ ಸರ್ಕಾರ ಹರಳಿನ ಮೇಲಿನ ತೆರಿಗೆ ತೆಗೆಯುತ್ತದೆ, ಇವತ್ತೇ ಕಡೇ ದಿನ ಅಂದರು. ಅಂಗಡಿಗೆ ಹೋಗಿ ಅಂತ ಅವರು ಹೇಳಲಿಲ್ಲ. ಹೆಸರನ್ನು ಮಾತ್ರ ಮಾತಿನ ನಡುವೆ ಬಿಟ್ಟರು.

ವೈನಿಗೆ ಮಾಣಿಕ್ಯ ಬೇಕಾಗಿತ್ತು. ಮಗಳ ಜಾತಕ ನೋಡಿದ ಜ್ಯೋತಿಷಿಗಳು ರವಿ ಗ್ರಹಕ್ಕೆ ಮಾಣಿಕ್ಯದ ಉಂಗುರ ಮಾಡಿಸಿ ಅಂದಿದ್ದರು. ಹುಬ್ಬಳ್ಳಿಯ ಸರಾಫಗಟ್ಟಿಯಲ್ಲಿ ಅವರು ದರ ಕೇಳಿಯೂ ಬಂದಿದ್ದರು. ಟುಕ್-ಟುಕ್‌ನಲ್ಲಿ ಕೂತಾಗ "ಹೆಂಗಿದ್ರೂ ಮಾಡಸೂದು ಐತಿ, ಇಲ್ಲೇ ಸೋವಿ ಸಿಕ್ರ ಯಾಕ್ ಬಿಡೂದ್ರಿ" ಅಂತ ಅಣ್ಣನಿಗೆ ಹೇಳಿದರು. ಚಾಲಕ ಆಗಲೇ ಅದೇ ಹೆಸರಿನ ಅಂಗಡಿಯ ಕಡೆ ತಿರುಗಿಸಿದ್ದ. ಹತ್ತು ನಿಮಿಷ ಒಳಗೆ ಹೋಗಿ ಬನ್ನಿ, ಕೊಳ್ಳದಿದ್ದರೂ ಅಡ್ಡಿಯಿಲ್ಲ, ನನಗೆ ಪೆಟ್ರೋಲ್ ಕೂಪನ್ ಸಿಗುತ್ತದೆ ಅಂದ. ಕೂಪನ್ ಮಾತು ನಿಜವೇ. ಗಿರಾಕಿ ತಂದ ಚಾಲಕರಿಗೆ ಅಂಗಡಿಯವರು ಇಂಧನದ ಚೀಟಿ ಕೊಡುವುದು ಅಲ್ಲಿ ಬಹಳ ಹಳೆಯ ಪದ್ಧತಿ. ಅವನು ಹೇಳದೆ ಬಿಟ್ಟದ್ದು, ಕೊಂಡರೆ ಕಮಿಷನ್ ಬೇರೆ ಇದೆ ಅನ್ನುವುದನ್ನು.

ಅಂಗಡಿಯಲ್ಲಿ ಎಸಿ, ತಣ್ಣನೆ ಜ್ಯೂಸು, ಟೈ ಕಟ್ಟಿದ ಮ್ಯಾನೇಜರ್. ಗೋಡೆಯ ಮೇಲೆ ಸರ್ಕಾರದ್ದು ಅನ್ನಿಸುವಂಥ ಚಿನ್ನದ ಬಣ್ಣದ ಮುದ್ರೆಗಳು. ಅಣ್ಣ ಚೌಕಾಶಿ ಮಾಡಿದ, ಎದ್ದು ಹೊರಟ ಹಾಗೆಯೂ ಮಾಡಿದ. ದರ ಇಳಿಯಿತು. ಎರಡು ವರ್ಷ ಬಿಟ್ಟು ಮಾರಿದರೂ ಇದಕ್ಕೆ ಎರಡು ಪಟ್ಟು ಬರುತ್ತದೆ ಅಂದರು. ಕಲ್ಲಿನ ಜೊತೆ ಲ್ಯಾಮಿನೇಟ್ ಮಾಡಿದ ಪ್ರಮಾಣಪತ್ರ ಕೊಟ್ಟರು. ಕಲ್ಲನ್ನು ನಾವೇ ಊರಿಗೆ ಪಾರ್ಸೆಲ್ ಮಾಡುತ್ತೇವೆ ಅಂದಾಗ ವೈನಿ ಒಪ್ಪಲಿಲ್ಲ, ಕೈಯಲ್ಲೇ ತೆಗೆದುಕೊಂಡರು. ಪಾರ್ಸೆಲ್‌ಗೆ ಒಪ್ಪಿದವರು ಕಲ್ಲನ್ನು ಅಲ್ಲೇ ಬೇರೆಯವರಿಗೆ ತೋರಿಸುವ ಹಾಗಿಲ್ಲ, ಅದು ಕೈಗೆ ಬರುವಷ್ಟರಲ್ಲಿ ದೇಶ ಬಿಟ್ಟಿರುತ್ತಾರೆ. ಪಾರ್ಸೆಲ್ ಮಾತು ಬರುವುದೇ ಅದಕ್ಕೆ.

ಹೊರಗೆ ಬಂದರೆ ಟುಕ್-ಟುಕ್ ಇಲ್ಲ. 20 ಬಾತ್ ಸಹ ಇಸಿದುಕೊಳ್ಳದೆ ಹೋಗಿಬಿಟ್ಟಿದ್ದ. ಟ್ಯಾಕ್ಸಿ ಹಿಡಿದು ಅರಮನೆಗೆ ಬಂದೆವು, ಆಗ ಒಂದು ದಾಟಿತ್ತು, ಬಾಗಿಲು ತೆರೆದೇ ಇತ್ತು. ಆ ಬಿಳಿ ಅಂಗಿಯವನು ಹೇಳಿದ್ದು ನಿಜ ಅನ್ನಿಸುವಂತೆಯೇ ಎಲ್ಲಾ ಹೊಂದಿಕೊಂಡಿತು. ಈ ಮೋಸದಲ್ಲಿ ನನಗೆ ಬಹಳ ಸಿಟ್ಟು ತರಿಸುವುದು ಇದೇ. ರಸ್ತೆಯವನು, ಚಾಲಕ, ಗುಡಿಯಲ್ಲಿದ್ದವರು, ಮ್ಯಾನೇಜರ್, ಯಾರಿಗೂ ಯಾರ ಸಂಬಂಧ ಇಲ್ಲದಂತೆ ಕಾಣುತ್ತದೆ. ಒಬ್ಬರ ಮಾತಿಗೆ ಇನ್ನೊಬ್ಬರು ಸಾಕ್ಷಿ ಆಗುತ್ತಾ ಹೋಗುತ್ತಾರೆ. ನಮ್ಮ ಕಡೆ ದಾರಿ ತೋರಿಸಿದವರಿಗೆ, ಗುಡಿಯಲ್ಲಿ ಕೂತ ಹಿರಿಯರಿಗೆ ನಾವು ಎಷ್ಟು ಮರ್ಯಾದೆ ಕೊಡುತ್ತೇವೆ ಅಲ್ವಾ, ಅದನ್ನೇ ಅವರು ಹಿಡಿದುಕೊಳ್ಳುತ್ತಾರೆ.

ಹುಬ್ಬಳ್ಳಿಗೆ ಬಂದ ಮೇಲೆ ಕಲ್ಲನ್ನು ನಮ್ಮ ಮನೆಯ ಹಳೇ ಪತ್ತಾರ ಕಾಕಾ ಅವರ ಹತ್ತಿರ ಉಂಗುರಕ್ಕೆ ಕೊಟ್ಟರು. ಕಾಕಾ ಭೂತಕನ್ನಡಿ ಹಿಡಿದು, ಕಲ್ಲನ್ನು ದೀಪದ ಕೆಳಗೆ ಆ ಕಡೆ ಈ ಕಡೆ ವಾಲಿಸಿ ಬಹಳ ಹೊತ್ತು ನೋಡಿದರು. ಆಮೇಲೆ ವೈನಿಗೆ ಹೇಳಿದರು: "ಕಲ್ಲು ಖರೇನ ಐತಿ ತಂಗಿ. ಆದ್ರ ಸೀಳಿನ್ಯಾಗೆಲ್ಲಾ ಗಾಜು ತುಂಬ್ಯಾರ. ನಾ ಇದನ್ನ ಬೆಂಕಿ ಮುಂದ ಹಿಡಿಯೂದಿಲ್ಲ, ಒಡದು ಹೋಗ್ತೈತಿ." ಬೆಂಗಳೂರಿನ ಒಂದು ಲ್ಯಾಬಿಗೆ ಕಳಿಸಿದಾಗಲೂ ಅದೇ ವರದಿ ಬಂತು. ಇದಕ್ಕೆ ಮೂರು ಸಾವಿರ ಸಹ ಯಾರೂ ಕೊಡುವುದಿಲ್ಲ ಅಂದರು ಕಾಕಾ.

ಇದು ಏನು ಅಂತ ಆಮೇಲೆ ಅವರೇ ಕೂರಿಸಿಕೊಂಡು ತಿಳಿಸಿದರು. ಮಾಣಿಕ್ಯ ಮತ್ತು ನೀಲ ಎರಡೂ ಕುರಂದ ಎಂಬ ಒಂದೇ ಖನಿಜ. ಕ್ರೋಮಿಯಂ ಸೇರಿದರೆ ಕೆಂಪು ಬರುತ್ತದೆ. ಬಿರುಕು ತುಂಬಿದ, ಮಂಕಾದ, ಬೆಲೆಯೇ ಇಲ್ಲದ ಕುರಂದವನ್ನು ಕಾಯಿಸಿ, ಅದರ ಸೀಳುಗಳಲ್ಲಿ ಸೀಸದ ಗಾಜು ಇಳಿಸುತ್ತಾರೆ. 2004ರ ಸುಮಾರಿಗೆ ಇಂಥ ಕಲ್ಲು ಪೇಟೆಗೆ ಬರತೊಡಗಿತು. ಬರಿಗಣ್ಣಿಗೆ ಥಳಥಳ ಹೊಳೆಯುತ್ತದೆ. ಭೂತಕನ್ನಡಿಯಲ್ಲಿ ಒಳಗೆ ಗಾಳಿಗುಳ್ಳೆ ಕಾಣುತ್ತವೆ, ವಾಲಿಸಿದರೆ ಬಿರುಕಿನ ಉದ್ದಕ್ಕೂ ನೀಲಿ ಮಿಂಚು ಹೊಡೆಯುತ್ತದೆ. ಒಳ್ಳೆಯ ಮಾಣಿಕ್ಯ ಗಟ್ಟಿತನದಲ್ಲಿ ವಜ್ರದ ನಂತರದ್ದು. ಇದಕ್ಕೆ ನಿಂಬೆರಸ ತಾಗಿದರೂ ಒಳಗಿನ ಗಾಜು ಹಾಳಾಗುತ್ತದೆ. ದಿನಾ ಅಡುಗೆಮನೆಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಅದನ್ನು ಬೆರಳಿಗೆ ಹಾಕಿಕೊಳ್ಳುವುದು ಹೇಗೆ?

ಪ್ರಮಾಣಪತ್ರದಲ್ಲಿ "ನ್ಯಾಚುರಲ್ ರೂಬಿ", ತೂಕ ಇಷ್ಟು, ಅಳತೆ ಇಷ್ಟು ಅಂತ ಬರೆದಿದೆ. ಗಾಜಿನ ಮಾತೇ ಇಲ್ಲ, ಬೆಲೆಯೂ ಇಲ್ಲ. ಸರ್ಕಾರಿ ಅಂಗಡಿ, ತೆರಿಗೆ ಇಲ್ಲ, ಕಡೇ ದಿನ, ಎರಡು ಪಟ್ಟು ಬೆಲೆ, ಇದೆಲ್ಲಾ ಬರೀ ಬಾಯಿಮಾತು. ಕಾಗದದ ಮೇಲೆ ಒಂದು ಸುಳ್ಳೂ ಸಿಗುವುದಿಲ್ಲ. ಅಣ್ಣ ತನಗೆ ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಬರೆದಾಗ ಇದೇ ಅಡ್ಡ ಬಂತು. ಕಾರ್ಡ್ ನಿಮ್ಮ ಕೈಯಲ್ಲೇ ಇತ್ತು, ಪಿನ್ ನೀವೇ ಒತ್ತಿದ್ದೀರಿ, ಬಿಲ್ಲಿನಲ್ಲಿರುವ ಕಲ್ಲೇ ನಿಮ್ಮ ಹತ್ತಿರ ಇದೆ ಅಂದರು. ಅರ್ಜಿ ತಿರಸ್ಕಾರ ಆಯಿತು.

ಆ ಬಾಯಿಮಾತುಗಳಲ್ಲಿ ಒಂದೂ ನಿಲ್ಲುವುದಿಲ್ಲ. ಥಾಯ್ ಸರ್ಕಾರ ಯಾವ ಒಡವೆ ಅಂಗಡಿಯನ್ನೂ ನಡೆಸುವುದಿಲ್ಲ. ಪ್ರವಾಸಿಗರಿಗೆ 7 ಶೇಕಡಾ ವ್ಯಾಟ್ ವಾಪಸ್ ಕೊಡುವ ವ್ಯವಸ್ಥೆ ವರ್ಷವಿಡೀ ಇದೆ, ಅದಕ್ಕೆ ಕಡೇ ದಿನ ಅನ್ನುವುದಿಲ್ಲ. ಒಂದು ಅಂಗಡಿಯಲ್ಲಿ ಒಂದೇ ದಿನ 2,000 ಬಾತ್ ಅಥವಾ ಹೆಚ್ಚಿನ ಸಾಮಾನು ಕೊಂಡರೆ ಪಾಸ್‌ಪೋರ್ಟ್ ತೋರಿಸಿ ಪಿ.ಪಿ. 10 ಫಾರಂ ಕೇಳಿ, ಹೆಚ್ಚು ಬೆಲೆಯ ಸಾಮಾನಾದರೆ ವಿಮಾನ ನಿಲ್ದಾಣದಲ್ಲಿ ಲಗೇಜ್ ಒಳಗೆ ಕೊಡುವ ಮೊದಲೇ ಅದನ್ನು ಕಸ್ಟಮ್ಸ್‌ನವರಿಗೆ ತೋರಿಸಬೇಕು. ಇದರಲ್ಲಿ ಮುಖ್ಯವಾದದ್ದು ಏನೆಂದರೆ, ಒಡವೆಗೆ ಕೂರಿಸದ ಬಿಡಿ ಹರಳಿಗೆ ಆ ವಾಪಸಾತಿ ಇಲ್ಲವೇ ಇಲ್ಲ. ಅಂದರೆ ಬಿಡಿ ಹರಳು ತೋರಿಸಿ ತೆರಿಗೆಯ ಆಸೆ ಹುಟ್ಟಿಸುವವರು ಸುಳ್ಳು ಹೇಳುತ್ತಿದ್ದಾರೆ ಅಂತಲೇ ತಿಳಿಯಿರಿ.

ಹರಳಿನ ವ್ಯಾಪಾರ ಅಲ್ಲಿ ನಿಜವಾಗಿ ದೊಡ್ಡದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಚಂತಬುರಿ ಎಂಬ ಊರಿಗೆ ಬೇರೆ ಬೇರೆ ದೇಶಗಳಿಂದ ಕಲ್ಲು ಬರುತ್ತದೆ, ಅಲ್ಲಿ ಕಾಯಿಸಿ ಸಾಣೆ ಹಿಡಿಯುತ್ತಾರೆ. ಮೋಸಗಾರರಿಗೆ ಆ ಒಳ್ಳೆಯ ಹೆಸರೇ ಬಂಡವಾಳ. ಆದರೂ ಹರಳನ್ನು ನಮ್ಮ ಊರಲ್ಲೇ ಕೊಳ್ಳಿ ಅಂತಲೇ ನಾನು ಹೇಳುವುದು. ತಪ್ಪು ಬಂದರೆ ಮರುದಿನ ಹೋಗಿ ಕೇಳಬಹುದು, ಅಂಗಡಿ ಅಲ್ಲೇ ಇರುತ್ತದೆ.

ಅದೇ ದಿನ ಸಂಜೆ ಪ್ರತೂನಾಮ್‌ನಲ್ಲಿ ಬಟ್ಟೆ ಕೊಂಡೆವು, ಯಾವ ತೊಂದರೆಯೂ ಆಗಲಿಲ್ಲ. ಮೂರ್ನಾಲ್ಕು ತೆಗೆದುಕೊಂಡರೆ ದರ ಇಳಿಸುತ್ತಾರೆ. ಯಾವರಾತ್ ಬೀದಿಯ ಚಿನ್ನದಂಗಡಿಗಳಲ್ಲಿ ಆ ದಿನದ ದರ ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವಂತೆ ಇರುತ್ತದೆ. ಅವರ ಚಿನ್ನ 96.5 ಶೇಕಡಾ ಶುದ್ಧ, ನಮ್ಮ 22 ಕ್ಯಾರೆಟ್‌ಗಿಂತ ಹೆಚ್ಚು. ಆದ್ದರಿಂದ ಊರೇ ಕೆಟ್ಟದ್ದು ಅಂತ ಯಾರೂ ತಿಳಿಯಬೇಡಿ.

ಇನ್ನು ಹೊರಡುವವರಿಗೆ. ಅರಮನೆಗೆ ಎಂ.ಆರ್.ಟಿ. ಮೆಟ್ರೋದಲ್ಲಿ ಸನಾಮ್ ಚಾಯ್ ನಿಲ್ದಾಣಕ್ಕೆ ಹೋಗಿ ಇಳಿದು ನಡೆಯಿರಿ, ಮಂಡಿ ಮತ್ತು ಭುಜ ಮುಚ್ಚುವ ಬಟ್ಟೆ ಇರಲಿ. ದಾರಿಯಲ್ಲಿ ಯಾರು ಬಂದ್ ಅಂದರೂ ನಿಲ್ಲದೆ ಟಿಕೆಟ್ ಬಾಗಿಲಿಗೇ ಹೋಗಿ. ಮನೆ ಬಿಡುವ ಮೊದಲು ಬ್ಯಾಂಕಿನ ಆ್ಯಪ್ ತೆರೆದು ಕಾರ್ಡಿನ ವಿದೇಶಿ ಖರ್ಚಿಗೆ ಕಡಿಮೆ ಮಿತಿ ಹಾಕಿಕೊಳ್ಳಿ. ರಿಸರ್ವ್ ಬ್ಯಾಂಕ್ 2020ರಲ್ಲಿ ಈ ಸವಲತ್ತು ಎಲ್ಲಾ ಕಾರ್ಡ್‌ದಾರರಿಗೂ ಕೊಡಿಸಿದೆ. ಅಣ್ಣನ ಕಾರ್ಡಿಗೆ 20,000 ರೂಪಾಯಿ ಮಿತಿ ಇದ್ದಿದ್ದರೆ ಆ ಮ್ಯಾನೇಜರ್ ಎಷ್ಟು ಸಿಹಿಯಾಗಿ ಮಾತಾಡಿದರೂ ಮಷಿನ್ ಒಪ್ಪುತ್ತಿರಲಿಲ್ಲ. ಮಷಿನ್ ರೂಪಾಯಿಯಲ್ಲಿ ಕೊಡುತ್ತೀರಾ, ಬಾತ್‌ನಲ್ಲಾ ಅಂತ ಕೇಳಿದರೆ ಯಾವಾಗಲೂ ಬಾತ್ ಒತ್ತಿ. ರೂಪಾಯಿ ಒತ್ತಿದರೆ ಅವರ ದರದಲ್ಲಿ ಲೆಕ್ಕ ಹಾಕುತ್ತಾರೆ, ನಮಗೆ ಜಾಸ್ತಿ ಬೀಳುತ್ತದೆ.

ಈಗಾಗಲೇ ಕೊಂಡು ಕೈಯಲ್ಲಿ ಕಲ್ಲು ಇದ್ದು, ನೀವಿನ್ನೂ ಥಾಯ್ಲೆಂಡಿನಲ್ಲೇ ಇದ್ದರೆ ಊರಿಗೆ ಬಂದು ನೋಡೋಣ ಅನ್ನಬೇಡಿ. ಬ್ಯಾಂಕಾಕಿನ ಸೀಲೋಮ್ ರಸ್ತೆಯಲ್ಲಿ ಜಿ.ಐ.ಟಿ. ಎಂಬ ಹರಳು ಪರೀಕ್ಷಾ ಸಂಸ್ಥೆ ಇದೆ. 1155 ಪ್ರವಾಸಿ ಪೊಲೀಸರ ನಂಬರ್, ಇಂಗ್ಲಿಷಿನಲ್ಲಿ ಮಾತಾಡಬಹುದು. ಬಿಲ್ಲು, ಅಂಗಡಿಯ ಮುಂದಿನ ಫೋಟೋ, ಕಾರ್ಡಿನ ಚೀಟಿ ಹಿಡಿದುಕೊಂಡು ಅದೇ ದಿನ ದೂರು ಕೊಟ್ಟು, ಅದರ ನಕಲು ಬ್ಯಾಂಕಿಗೆ ಮೇಲ್ ಮಾಡಿ. ವಿಮಾನ ಹತ್ತಿಬಿಟ್ಟರೆ ಬ್ಯಾಂಕಿನವರು ಮೊದಲು ಕೇಳುವುದೇ "ಅಲ್ಲೇ ಪೊಲೀಸರಿಗೆ ದೂರು ಕೊಟ್ಟ ಕಾಗದ ಎಲ್ಲಿದೆ?" ಅಂತ. ಅಣ್ಣನಿಗೂ ಅದನ್ನೇ ಕೇಳಿದರು.