ದೊಡ್ಡ ಸಂಖ್ಯೆಗಳ ಪರೀಕ್ಷೆಗೆ ಪಾರಿ/ಜಿಪಿ

ದೊಡ್ಡ ಪೂರ್ಣಾಂಕಗಳ ಗುಣಗಳನ್ನು ಪರೀಕ್ಷಿಸಬಲ್ಲ ತಂತ್ರಾಂಶಗಳು ಹಲವಿದ್ದರೂ, ಗಣಿತದ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ನಾನು ಮೊದಲು ಸೂಚಿಸುವುದು ಫ್ರಾನ್ಸಿನ ಬೋರ್ಡೋ ನಗರದಲ್ಲಿ ಆನ್ರಿ ಕೊಹೆನ್ ಮತ್ತು ಸಂಗಡಿಗರು ರೂಪಿಸಿದ ಪಾರಿ/ಜಿಪಿಯನ್ನು. ಇದು ಉಚಿತವಾಗಿ ಸಿಗುವ ಮುಕ್ತ ತಂತ್ರಾಂಶ.

ಇದರ ಯೋಗ್ಯತೆಯನ್ನು ಅಳೆಯಲು ಒಂದೇ ಸಂಖ್ಯೆ ಸಾಕು: 2,93,31,86,25,600. ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಅಪವರ್ತನಗಳುಳ್ಳ ಸಂಖ್ಯೆಗಳನ್ನು ಕುರಿತು ಶ್ರೀನಿವಾಸ ರಾಮಾನುಜನ್ 1915ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ 67,46,32,83,88,800ರವರೆಗಿನ 102 ಸಂಖ್ಯೆಗಳ ಪಟ್ಟಿಯಿದೆ; ಅದರಲ್ಲಿ ಇರಬೇಕಾಗಿದ್ದೂ ಬಿಟ್ಟುಹೋದದ್ದು ಈ ಸಂಖ್ಯೆ.

ಅಲ್ಪವಿರಾಮಗಳನ್ನು ತೆಗೆದು (ಇಟ್ಟರೆ ತಂತ್ರಾಂಶವು ಅದನ್ನು ಆರು ಬೇರೆ ಬೇರೆ ಸಂಖ್ಯೆಗಳೆಂದು ಓದುತ್ತದೆ) ‘ಫ್ಯಾಕ್ಟರ್’ ಆದೇಶ ಕೊಟ್ಟೊಡನೆ ಎರಡು ಕಂಬಸಾಲುಗಳು ಮೂಡುತ್ತವೆ. ಎಡಗಡೆ 2, 3, 5, 7, 11, 13, 17, 19 ಎಂಬ ಅವಿಭಾಜ್ಯಗಳು. ಬಲಗಡೆ 6, 4, 2, 2, 1, 1, 1, 1 ಎಂಬ ಘಾತಾಂಕಗಳು. ನಡುವೆ ಯಾವ ಅವಿಭಾಜ್ಯವೂ ಬಿಟ್ಟುಹೋಗಿಲ್ಲ, ಘಾತಾಂಕ ಎಲ್ಲಿಯೂ ಏರುವುದಿಲ್ಲ. ಇಂಥ ಸಂಖ್ಯೆಗಳೆಲ್ಲಕ್ಕೂ ಈ ಲಕ್ಷಣ ಇರಲೇಬೇಕು. ಪ್ರತಿ ಘಾತಾಂಕಕ್ಕೂ ಒಂದನ್ನು ಕೂಡಿಸಿ ಗುಣಿಸಿದರೆ ಬರುವ 5040 ಅಪವರ್ತನಗಳ ಲೆಕ್ಕವನ್ನು ‘ನಮ್‌ಡಿವ್’ ಎಂಬ ಆದೇಶ ನೇರವಾಗಿ ಕೊಡುತ್ತದೆ. (5040 ಕೂಡ ಇದೇ ಜಾತಿಯ ಸಂಖ್ಯೆ, ಅದಕ್ಕೆ 60 ಅಪವರ್ತನಗಳು.) ‘ಸಿಗ್ಮಾ’ ತೋರಿಸುವ ಅಪವರ್ತನಗಳ ಮೊತ್ತವು ಮೂಲ ಸಂಖ್ಯೆಯ ಸುಮಾರು 5.6 ಪಟ್ಟು. ರಾಮಾನುಜನ್ನರ ಪಟ್ಟಿಯ ಕೊನೆಯ ಸಂಖ್ಯೆಯನ್ನು ಇದರಿಂದ ಭಾಗಿಸಿ ನೋಡಿ: ಶೇಷವಿಲ್ಲದೆ 23 ಬರುತ್ತದೆ! ಅಂದರೆ ಬಿಟ್ಟುಹೋದ ಸಂಖ್ಯೆಯನ್ನು ಅದರ ಮುಂದಿನ ಅವಿಭಾಜ್ಯದಿಂದ ಗುಣಿಸಿದರೆ ಸಿಗುವುದೇ ಪಟ್ಟಿಯ ಕೊನೆಯ ಸಂಖ್ಯೆ. ಕೈಬರಹದ ಲೆಕ್ಕದಲ್ಲಿ ಅಷ್ಟು ದೂರ ನಡೆದವರ ಸಾಮರ್ಥ್ಯದ ಬಗೆಗೆ ಗೌರವ ಹೆಚ್ಚುತ್ತದೆಯೇ ಹೊರತು ಕುಂದುವುದಿಲ್ಲ.

ಕೊರತೆಗಳೂ ಇವೆ. ಗುಂಡಿಗಳಿಲ್ಲದ, ಆದೇಶಗಳನ್ನು ಟೈಪು ಮಾಡಿಯೇ ಕೆಲಸ ತೆಗೆಯಬೇಕಾದ ಕಪ್ಪು ತೆರೆ ಹೊಸಬರನ್ನು ಹಿಮ್ಮೆಟ್ಟಿಸೀತು. ಸಹಾಯಪುಟಗಳು ಇಂಗ್ಲಿಷಿನಲ್ಲಿವೆ, ಅವುಗಳ ಧಾಟಿ ಪಂಡಿತರದು. ಅಪವರ್ತನಗಳನ್ನೆಲ್ಲ ಕೇಳಿದರೆ 5040 ಸಂಖ್ಯೆಗಳೂ ಒಟ್ಟಿಗೆ ತೆರೆಯ ಮೇಲೆ ಸುರಿಯುತ್ತವೆ. ಆದೇಶದ ಕೊನೆಯಲ್ಲಿ ಅರ್ಧವಿರಾಮ ಹಾಕಿದರೆ ಮಾತ್ರ ಅದು ಸುಮ್ಮನಿರುತ್ತದೆ. ಈ ಸಂಖ್ಯೆ ನಿಜಕ್ಕೂ ದಾಖಲೆಯದೇ ಎಂದು ತಿಳಿಯಲು ಹಿಂದಿನ 29 ಸಾವಿರ ಕೋಟಿಗೂ ಮಿಕ್ಕ ಸಂಖ್ಯೆಗಳನ್ನು ಒಂದೊಂದಾಗಿ ಪರೀಕ್ಷಿಸಲು ಹೊರಡುವುದು ವ್ಯರ್ಥ. ಇಳಿಯುವ ಘಾತಾಂಕಗಳ ಗುಣಲಬ್ಧಗಳನ್ನಷ್ಟೇ ಹುಡುಕುವ ಸಣ್ಣ ಕ್ರಮವಿಧಿಯನ್ನು ಬಳಕೆದಾರರೇ ಬರೆದುಕೊಳ್ಳುವುದು ಮೇಲು.

ಅವಿಭಾಜ್ಯತೆಯ ವಿಷಯದಲ್ಲಿ ಇದರ ಪ್ರಾಮಾಣಿಕತೆ ಮೆಚ್ಚತಕ್ಕದ್ದು: ‘ಇಸ್‌ಪ್ರೈಮ್’ ಗಣಿತದ ಸಾಧನೆಯಿಂದ ಖಚಿತವಾದ ಉತ್ತರ ನೀಡಿದರೆ, ಅಂಥ ಖಚಿತತೆಯಿಲ್ಲದ ಶೀಘ್ರ ಪರೀಕ್ಷೆಯನ್ನು ‘ಇಸ್‌ಸ್ಯೂಡೋಪ್ರೈಮ್’ ಎಂಬ ಬೇರೆ ಹೆಸರಿನಲ್ಲಿಯೇ ಇಡಲಾಗಿದೆ. ಪದವಿ ತರಗತಿಯ ಸಂಖ್ಯಾ ಸಿದ್ಧಾಂತಕ್ಕೆ ಇದನ್ನು ಧಾರಾಳವಾಗಿ ಬಳಸಬಹುದು. ಪ್ರೌಢಶಾಲೆಯ ಮಕ್ಕಳ ಕೈಗೆ ಕೊಡುವುದಾದರೆ ಅಧ್ಯಾಪಕರು ಜೊತೆಗಿರಬೇಕು.