ಆಸ್ಟ್ರೇಲಿಯಾದ ವಿಟ್‌ಸಂಡೇ ದ್ವೀಪಗಳಲ್ಲಿ ಹಾಯಿದೋಣಿ ಬಾಡಿಗೆಗೆ ಹಿಡಿಯುವವರೇ, ಸ್ವಲ್ಪ ನಿಲ್ಲಿ

ತಪ್ಪು ನನ್ನದೂ ಇದೆ, ಮೊದಲೇ ಒಪ್ಪಿಕೊಳ್ಳುತ್ತೇನೆ. ಸರಿಯಾಗಿ ನೋಡದೆ ಸಹಿ ಹಾಕಿದವನು ನಾನೇ. ಆದರೆ 2000 ಡಾಲರ್ ಡೆಪಾಸಿಟ್ ಕಟ್ಟಿ 380 ವಾಪಸ್ ಬಂದರೆ ಹೊಟ್ಟೆ ಉರಿಯಲ್ವಾ?

ಬ್ರಿಸ್ಬೇನ್‌ನಿಂದ ನಾವು ಎರಡು ಮನೆಯವರು, ಕುಂದಾಪುರದಿಂದ ಬಂದಿದ್ದ ಅಪ್ಪ ಅಮ್ಮ ಸೇರಿ 8 ಜನ. ಏರ್ಲಿ ಬೀಚ್ ಅನ್ನುವ ಊರಿನಿಂದ ಹೊರಟು ದೋಣಿಯಲ್ಲೇ 5 ರಾತ್ರಿ. ಅಲ್ಲಿ ಲೈಸೆನ್ಸ್ ಬೇಕಿಲ್ಲ, ದೋಣಿ ನಾವೇ ನಡೆಸಬಹುದು, ಅದಕ್ಕೇ ಎಲ್ಲರೂ ಹೋಗುವುದು.

ಜಾಹೀರಾತಿನಲ್ಲಿ ಹೃದಯದ ಆಕಾರದ ಹವಳದ ದಿಬ್ಬ ಇತ್ತು. ಅಮ್ಮ ಆ ಫೋಟೋನ ಊರಿನವರಿಗೆಲ್ಲ ಕಳಿಸಿಬಿಟ್ಟಿದ್ದರು. ಹೊರಡುವ ದಿನ ಬೆಳಿಗ್ಗೆ ದೋಣಿ ಕಂಪನಿಯ ಮನುಷ್ಯ ನಕ್ಷೆ ಹಾಸಿಕೊಂಡು ಹೇಳುತ್ತಾನೆ, ಹೊರಗಿನ ರೀಫ್‌ಗೆ, ಅಂದರೆ ದೂರದ ಹವಳದ ದಿಬ್ಬಗಳಿಗೆ, ಈ ದೋಣಿ ಹೋಗುವ ಹಾಗೇ ಇಲ್ಲ, ದ್ವೀಪಗಳ ನಡುವೆಯೇ ಇರಬೇಕು, ಸಂಜೆ 4ಕ್ಕೆಲ್ಲ ಲಂಗರು ಹಾಕಿರಬೇಕು. ಮತ್ತೆ ಆ ಫೋಟೋ ಯಾಕೆ ಹಾಕಿದ್ದೀರಿ ಅಂದೆ. "ಅದು ಈ ಕಡೆಯ ಫೋಟೋ ಅಷ್ಟೇ" ಅಂದ! ಆ ದಿಬ್ಬವನ್ನು ಹೆಲಿಕಾಪ್ಟರ್‌ನಿಂದ ನೋಡಬೇಕಂತೆ, ಅಲ್ಲಿ ಈಜುವುದಕ್ಕೂ ಬಿಡುವುದಿಲ್ಲ.

ಆಮೇಲೆ, ನಿಮಗೆ ಅನುಭವ ಸಾಲದು ಅಂತ ಮೊದಲ ಅರ್ಧ ದಿನಕ್ಕೆ ಒಬ್ಬ ಗೈಡ್‌ನ ಹತ್ತಿಸಿದ. ಅದಕ್ಕೆ 400. ಸಾಮಾನಿನ ಪಟ್ಟಿ ಓದೋಣ ಅಂದರೆ, ಸಮುದ್ರದ ನೀರು ಇಳಿಯುತ್ತಿದೆ, ಬೇಗ ಬೇಗ ಅಂತ ಬೆನ್ನು ಬಿದ್ದ. ಹಾಕಿಬಿಟ್ಟೆ ಸಹಿ.

ವೈಟ್‌ಹೇವನ್ ಬೀಚಿನ ಮರಳು ಚೆನ್ನಾಗಿತ್ತು. ಆ ಮಾತು ಬಿಡಿ.

ವಾಪಸ್ ಬಂದಾಗ ಅದೇ ಮನುಷ್ಯ ದೋಣಿಯ ಒಳಗೆ ಕಾಲೇ ಇಡಲಿಲ್ಲ. ನೇರವಾಗಿ ಹಿಂದಿದ್ದ ಡಿಂಗಿ (ದಡಕ್ಕೆ ಹೋಗಿಬರುವ ಪುಟ್ಟ ಮೋಟಾರ್ ದೋಣಿ) ಹತ್ತಿರ ಹೋದ. ಮೋಟಾರ್ ಎತ್ತಿ, ಪ್ರೊಪೆಲ್ಲರ್‌ನ ಮೂರನೇ ರೆಕ್ಕೆಯ ಅಂಚಿನ ಮೇಲೆ ಉಗುರು ಎಳೆದ. ಟಕ್ ಅಂತ ಸಿಕ್ಕಿಕೊಂಡಿತು. ಹುಡುಕಲೇ ಇಲ್ಲ ಕಣ್ರೀ, ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು! ಅಪ್ಪ ದೋಣಿಗಳ ಮಧ್ಯೆಯೇ ಬೆಳೆದವರು, ಬಗ್ಗಿ ನೋಡಿ "ಇದು ಹಳೇ ಏಟು ಮಾರಾಯ, ಒಳಗೆ ಪಾಚಿ ಕೂತಿದೆ" ಅಂದರು. ನಾನು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ. ಅವನು ನಕ್ಕ. ಆ ನಗು ಇನ್ನೂ ಕಣ್ಣ ಮುಂದಿದೆ.

ಪ್ರೊಪೆಲ್ಲರ್‌ಗೆ 640, ಡಿಂಗಿ ತಳದ ಗೀರಿಗೆ 580, ಗೈಡ್‌ದೂ ಡೆಪಾಸಿಟ್‌ನಲ್ಲೇ ಮುರಿದುಕೊಂಡರು. ಮೇಲ್ ಹಾಕಿದೆ. ಉತ್ತರ: "ಪಟ್ಟಿಯಲ್ಲಿ ಪ್ರೊಪೆಲ್ಲರ್ ಸರಿ ಇದೆ ಎಂದು ನೀವೇ ಸಹಿ ಮಾಡಿದ್ದೀರಿ." 5 ದಿನದಲ್ಲಿ ಪಾಚಿ ಹೇಗೆ ಬೆಳೆಯಿತು ಅಂತ ಕೇಳಿದೆ. ಉತ್ತರ: "ಪಟ್ಟಿಯಲ್ಲಿ ನೀವೇ ಸಹಿ ಮಾಡಿದ್ದೀರಿ." ಮೂರನೇ ಮೇಲ್‌ಗೆ, ಮುಂದಿನ ಪ್ರವಾಸಕ್ಕೆ 10% ರಿಯಾಯಿತಿ ಅಂತೆ. ಮಾನ ಮರ್ಯಾದೆ ಬೇಡವಾ?

ಹೋಗುವವರು ಹೋಗಿ, ಬೇಡ ಅನ್ನಲ್ಲ. ಆದರೆ ನೀರು ಇಳಿದರೆ ಇಳಿಯಲಿ, ಡಿಂಗಿ ತಿರುಗಿಸಿ ತಳದ ವಿಡಿಯೋ ಮಾಡಿ, ಪ್ರೊಪೆಲ್ಲರ್ ಮೇಲೆ ನೀವೇ ಮೊದಲು ಉಗುರು ಎಳೆಯಿರಿ. ನಾನು ಕ್ಯೂಕ್ಯಾಟ್‌ಗೆ, ಅಂದರೆ ಇಂಥ ಜಗಳ ಬಗೆಹರಿಸುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ನ್ಯಾಯಮಂಡಳಿಗೆ, ಅರ್ಜಿ ಹಾಕಿದ್ದೇನೆ. ಅಮ್ಮ ಮಾತ್ರ ಆ ಫೋಟೋ ಬಗ್ಗೆ ಊರಲ್ಲಿ ಏನು ಹೇಳುವುದು ಅಂತ ಇನ್ನೂ ಕೇಳುತ್ತಿದ್ದಾರೆ.