ಹಳೆಯ ಬುಲೆಟ್‌ಗೆ ಇದ್ದ ಹೆಡ್ಡೇ ಸಾಕೇ, ಪರ್ಫಾರ್ಮೆನ್ಸ್ ಹೆಡ್ ಬೇಕೇ?

ಹುಬ್ಬಳ್ಳಿ-ಧಾರವಾಡದ ನಡುವೆ ದಿನಾ ಓಡಾಡುವ ಬೈಕಾದರೆ ಕಂಪನಿಯ ಹೆಡ್ಡನ್ನೇ (ಎಂಜಿನ್ ಸಿಲಿಂಡರಿನ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ) ದುರಸ್ತಿ ಮಾಡಿಸಿ. ಥ್ರಾಟಲ್ ಬಿಟ್ಟು ಮತ್ತೆ ಕೊಟ್ಟಾಗ ನೀಲಿ ಹೊಗೆ ಬರುತ್ತಿದ್ದರೆ ಹೆಚ್ಚಾಗಿ ವಾಲ್ವ್ ಗೈಡ್, ಅಂದರೆ ವಾಲ್ವಿನ ಕಡ್ಡಿ ಜಾರುವ ಕೊಳವೆ, ಸವೆದಿರುತ್ತದೆ. ಗೈಡ್ ಬದಲಿಸಿ, ಸೀಟ್ (ವಾಲ್ವ್ ಕೂರುವ ಅಂಚು) ಕಟ್ ಮಾಡಿಸಿ, ಪೇಸ್ಟ್ ಹಚ್ಚಿ ವಾಲ್ವ್ ಉಜ್ಜಿದರೆ ಸೋರಿಹೋಗುತ್ತಿದ್ದ ಕಂಪ್ರೆಷನ್ ಮರಳುತ್ತದೆ. ಜೋಡಿಸುವ ಮುನ್ನ ಪ್ಲಗ್ ಬಿಗಿದು ಹೆಡ್ಡನ್ನು ಮಗುಚಿ, ವಾಲ್ವ್‌ಗಳ ಮೇಲೆ ಸೀಮೆಎಣ್ಣೆ ಸುರಿಸಿ ನೋಡಿ. ಪೋರ್ಟಿನೊಳಗೆ (ಗಾಳಿ, ಹೊಗೆ ಸಾಗುವ ದಾರಿ) ಹನಿ ಜಿನುಗಿದರೆ ವಾಲ್ವ್ ಸರಿಯಾಗಿ ಕೂತಿಲ್ಲ. ಇಷ್ಟು ಪರೀಕ್ಷೆಗೂ ಗೊಣಗುವ ಗ್ಯಾರೇಜಿಗೆ ದೂರದಿಂದಲೇ ನಮಸ್ಕಾರ ಹೇಳಿ.

ಪರ್ಫಾರ್ಮೆನ್ಸ್ ಹೆಡ್ಡಿನ ದೊಡ್ಡ ವಾಲ್ವ್, ಅಗಲವಾದ ಪೋರ್ಟ್ ಫಲ ಕೊಡುವುದು ಮುಖ್ಯವಾಗಿ ಹೆಚ್ಚಿನ ಆರ್‌ಪಿಎಂನಲ್ಲಿ. ಹುಬ್ಬಳ್ಳಿಯ ಹೊಸೂರು ವೃತ್ತದ ದಟ್ಟಣೆಯಲ್ಲಿ ಆ ವೇಗ ಎಲ್ಲಿಂದ ಬರಬೇಕು? ಅಲ್ಲಿ ಬೇಕಾದ ಕೆಳಗಿನ ಎಳೆತವೇ ಕುಗ್ಗಬಹುದು. ಖರ್ಚೂ ಹೆಡ್ಡಿಗೇ ನಿಲ್ಲುವುದಿಲ್ಲ: ಕಾರ್ಬ್ಯುರೇಟರ್ ಜೆಟ್, ಸೈಲೆನ್ಸರ್, ಕೆಲವೊಮ್ಮೆ ವಾಲ್ವ್ ತೆರೆಸುವ ಕ್ಯಾಮ್ ಕೂಡ ಹೊಂದಿಸಬೇಕು. ರೇಸಿನ ಹುಚ್ಚಿದ್ದವರಿಗೆ ಅದೂ ಒಂದು ಸುಖ, ಬಿಡಿ.

ಸೀಟುಗಳ ನಡುವೆ ಬಿರುಕು ಬಿಟ್ಟಿದ್ದರೆ ಮಾತ್ರ ದುರಸ್ತಿಗೆ ದುಡ್ಡು ಸುರಿಯಬೇಡಿ. ಆಗಲೂ ಮೊದಲು ಕಂಪನಿಯ ಹೊಸ ಹೆಡ್ಡಿನ ಬೆಲೆ ವಿಚಾರಿಸಿ.